ಪ್ರಾಚೀನ ಈಜಿಪ್ಟಿನವರು ಸುಗಂಧವನ್ನು ಹೇಗೆ ತಯಾರಿಸಿ, ಯಾವುದಕ್ಕೆ ಬಳಸುತ್ತಿದ್ದರು?

ಅದು ಬಟ್ಟಿ ಇಳಿಸಿದ ಮದ್ಯಸಾರದಿಂದ ಮಾಡಿದ್ದಾಗಿರಲಿಲ್ಲ. ಅವರ ಸುಗಂಧವೆಂದರೆ ಒಂದೋ ಎಣ್ಣೆ-ಕೊಬ್ಬಿನ ಲೇಪ, ಇಲ್ಲವೇ ಧೂಪ. ಲೇಪಕ್ಕೆ ನಮ್ಮ ನುಗ್ಗೆಯ ಸೋದರ ಜಾತಿಯೊಂದರ ಬೀಜದೆಣ್ಣೆ ಅಚ್ಚುಮೆಚ್ಚು: ಸ್ವಂತ ವಾಸನೆ ಕಡಿಮೆ, ಬೇಗ ಕಮಟಾಗುವುದಿಲ್ಲ. ಲಿಲಿ ಹೂಗಳನ್ನು ಬಟ್ಟೆಚೀಲಕ್ಕೆ ತುಂಬಿ, ಎರಡು ತುದಿಗೂ ಕೋಲು ಸಿಕ್ಕಿಸಿ, ಎದುರುಬದುರು ನಿಂತು ತಿರುಚಿ ಹಿಂಡುವ ಉಬ್ಬುಶಿಲ್ಪಗಳು ಇಂದಿಗೂ ಉಳಿದಿವೆ.

ಧೂಪಗಳಲ್ಲಿ ಹೆಸರಾದದ್ದು ಕೈಫಿ. ಎಡ್ಫು, ಫಿಲೆ ದೇವಾಲಯಗಳ ಗೋಡೆಯ ಮೇಲೆ ಅದರ ಪಾಕವಿಧಾನವನ್ನೇ ಕೆತ್ತಿದ್ದಾರೆ. ಸುವಾಸನೆಯ ಬೇರು, ತೊಗಟೆಗಳನ್ನು ಕುಟ್ಟಿ ಜರಡಿ ಹಿಡಿದು ವೈನಿನಲ್ಲಿ ನೆನೆಸಬೇಕು. ಒಣದ್ರಾಕ್ಷಿ ಬೆರೆಸಬೇಕು. ಜೇನು, ರಾಳ ಬೇರೆಯಾಗಿ ಕುದಿದು ಗಟ್ಟಿಯಾಗಬೇಕು. ಎಲ್ಲ ಕೂಡಿದ ಮೇಲೆ ಕೊನೆಗೆ ರಕ್ತಬೋಳದ (ಮಿರ್ ಎಂಬ ಸುಗಂಧದ ಅಂಟು) ಪುಡಿ. ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಅದರ 16 ಪದಾರ್ಥಗಳನ್ನು ಹೆಸರಿಸುತ್ತಾನೆ. ಸೂರ್ಯನಿಗೆ ಬೆಳಿಗ್ಗೆ ರಾಳ, ನಡುಹಗಲು ರಕ್ತಬೋಳ, ಸಂಜೆ ಕೈಫಿ ಎನ್ನುತ್ತಾನೆ.

ಶವಸಂಸ್ಕಾರದಲ್ಲಿ ‘ಏಳು ಪವಿತ್ರ ತೈಲ’ಗಳನ್ನು ಅರ್ಪಿಸುತ್ತಿದ್ದರು. ಅರಸ ಟುಟಾಂಖಾಮನ್ ಸಮಾಧಿಗೆ ನುಗ್ಗಿದ ಕಳ್ಳರು ಜಾಡಿಗಳಿಂದ ಲೇಪವನ್ನೂ ಬಾಚಿಕೊಂಡು ಹೋಗಿದ್ದರು, ಅಷ್ಟು ಬೆಲೆ ಅದಕ್ಕೆ.

ಆದರೆ ಇದು ದೇವರು, ಅರಸರ ಸೊತ್ತಷ್ಟೇ ಅಲ್ಲ. ಆ ಒಣಬಿಸಿಲಿಗೆ ಚರ್ಮ ಬಿರಿಯದಂತೆ ಕೂಲಿಕಾರರಿಗೂ ಎಣ್ಣೆ ಬೇಕಿತ್ತು. ಅರಸ 3ನೇ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷದಲ್ಲಿ ಮುಷ್ಕರ ಹೂಡಿದ ಸಮಾಧಿ ಕೆಲಸಗಾರರ ದೂರಿನಲ್ಲಿ ಬಟ್ಟೆ, ಮೀನು, ತರಕಾರಿಯ ಜೊತೆಗೇ ‘ಲೇಪವಿಲ್ಲ’ ಎಂಬ ಮಾತೂ ಇದೆ.