ಗಂಟು ಬಿಚ್ಚಿದ ಮೇಲೆ ಗಂಟು ಎಲ್ಲಿ?

ಓದುಗರ ಪತ್ರ: ಎಲ್ಲವೂ ಶೂನ್ಯ, ಆತ್ಮವಿಲ್ಲ ಎನ್ನುತ್ತದೆ ಬೌದ್ಧ ದರ್ಶನ. ಹಾಗಿದ್ದರೆ ಕರ್ಮದ ಫಲ ಉಣ್ಣುವವರು ಯಾರು? ‘ನಾನಿಲ್ಲ’ ಎಂದುಕೊಂಡು ಧ್ಯಾನಕ್ಕೆ ಕೂತರೆ ಒಮ್ಮೊಮ್ಮೆ ಮನಸ್ಸು ಮಂಕಾಗುತ್ತದೆ, ಒಮ್ಮೊಮ್ಮೆ ಭಯವಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಸಂಪಾದಕರ ಉತ್ತರ: ಮೊದಲ ಹೆಜ್ಜೆಯಲ್ಲೇ. ಯಾವುದು ಇಲ್ಲ ಎಂದು ಗುರುತಿಸಿಕೊಳ್ಳುವ ಮೊದಲೇ ‘ಇಲ್ಲ’ ಎನ್ನಲು ಹೊರಟಿದ್ದೀರಿ.

ಶೂನ್ಯ ಎಂದೊಡನೆ ನಮ್ಮ ಕಿವಿಗೆ ಸೊನ್ನೆ ಎಂದೇ ಕೇಳಿಸುತ್ತದೆ. ಖಾಲಿ ಎಂದರೆ ಏನು ಖಾಲಿ ಎಂದು ಕೇಳಬೇಕಲ್ಲವೇ? ಶೂನ್ಯತೆಯನ್ನು ವಿವರಿಸಿದ ಬೌದ್ಧ ದಾರ್ಶನಿಕ ನಾಗಾರ್ಜುನನ ಪ್ರಕಾರ ವಸ್ತುಗಳಲ್ಲಿ ಇಲ್ಲದಿರುವುದು ‘ಸ್ವಭಾವ’. ಇಲ್ಲೂ ಕನ್ನಡ ನಮ್ಮನ್ನು ದಾರಿ ತಪ್ಪಿಸುತ್ತದೆ. ನಮಗೆ ಸ್ವಭಾವ ಎಂದರೆ ಗುಣ, ನಡತೆ. ಅವನಿಗೆ ಅದು ಯಾವುದರ ಹಂಗೂ ಇಲ್ಲದೆ ತನ್ನಷ್ಟಕ್ಕೆ ತಾನೇ ಇರುವಿಕೆ.

ಒಂದು ಹಗ್ಗಕ್ಕೆ ಗಂಟು ಹಾಕಿ ನೋಡಿ. ಗಂಟು ಹಗ್ಗಕ್ಕಿಂತ ಬೇರೆಯಲ್ಲ. ಹಗ್ಗವೇ ಗಂಟು ಎನ್ನೋಣವೆಂದರೆ ಬಿಚ್ಚಿದ ಮೇಲೂ ಹಗ್ಗ ಉಳಿಯುತ್ತದೆ, ಗಂಟು ಉಳಿಯುವುದಿಲ್ಲ. ಹಾಗೆಂದು ಗಂಟೇ ಇರಲಿಲ್ಲ ಎನ್ನಲಾಗದು. ತುಂಬಿದ ಕೊಡದ ಭಾರವನ್ನು ಅದೇ ಹಿಡಿದಿತ್ತು. ನಾಗಾರ್ಜುನನ ಗ್ರಂಥ ‘ಮೂಲಮಧ್ಯಮಕಕಾರಿಕೆ’ಯ 24ನೇ ಪ್ರಕರಣ ಪ್ರತೀತ್ಯಸಮುತ್ಪಾದವನ್ನೇ, ಅಂದರೆ ಕಾರಣಗಳನ್ನು ಆಶ್ರಯಿಸಿ ಹುಟ್ಟುವುದನ್ನೇ, ಶೂನ್ಯತೆ ಎಂದು ಕರೆಯುತ್ತದೆ. ಶೂನ್ಯತೆಯನ್ನು ತಪ್ಪಾಗಿ ಗ್ರಹಿಸುವುದು ಹಾವನ್ನು ತಪ್ಪಾಗಿ ಹಿಡಿದಂತೆ ಎಂಬ ಎಚ್ಚರಿಕೆಯೂ ಅದೇ ಪ್ರಕರಣದಲ್ಲಿದೆ.

ಕರ್ಮಫಲದ ಪ್ರಶ್ನೆಯನ್ನು ‘ಮಿಲಿಂದಪನ್ಹ’ ಎಂಬ ಪಾಲಿ ಗ್ರಂಥದಲ್ಲಿ ಮಿಲಿಂದ ರಾಜನೂ ನಾಗಸೇನ ಭಿಕ್ಷುವಿಗೆ ಕೇಳಿದ್ದ. ಕದ್ದು ಸಿಕ್ಕಿಬಿದ್ದ ಕಳ್ಳ, ‘ಇವನು ನೆಟ್ಟ ಮಾವು ಬೇರೆ, ನಾನು ಕದ್ದ ಮಾವು ಬೇರೆ’ ಎಂದರೆ ಬಿಟ್ಟುಬಿಡುತ್ತೀಯಾ ಎಂದು ನಾಗಸೇನ ತಿರುಗಿ ಕೇಳುತ್ತಾನೆ. ನೆಟ್ಟದ್ದರಿಂದಲೇ ಕದ್ದದ್ದು ಬಂದಿದೆ. ಹೊಣೆಗಾರಿಕೆಗೆ ಆ ಕಾರಣದ ಎಳೆ ಸಾಕು, ಬದಲಾಗದ ತಿರುಳೊಂದು ಬೇಕಿಲ್ಲ.

ಈಗ ಅಭ್ಯಾಸಕ್ಕೆ ಬರೋಣ. ಮಾಡದ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದ ಗಳಿಗೆಯನ್ನು ನೆನಪಿಸಿಕೊಳ್ಳಿ. ‘ನಾನಾ?’ ಎಂದು ಎದೆಯಲ್ಲಿ ಏನೋ ಸೆಟೆದು ನಿಲ್ಲುತ್ತದೆ. ಹುಡುಕಬೇಕಾದದ್ದು ಆ ‘ನಾನು’. ಅದು ಚೆನ್ನಾಗಿ ಕಾಣುವವರೆಗೆ ಮುಂದೆ ಹೋಗಬೇಡಿ. ಬಹಳ ಜನ ಅವಸರ ಮಾಡುವುದೇ ಇಲ್ಲಿ. ಬಳಿಕ ಪಂಚಸ್ಕಂಧಗಳಲ್ಲಿ, ಅಂದರೆ ವ್ಯಕ್ತಿ ಎನಿಸಿಕೊಳ್ಳುವ ಐದು ರಾಶಿಗಳಲ್ಲಿ, ಒಂದೊಂದಾಗಿ ಹುಡುಕಿ: ರೂಪ (ದೇಹ), ವೇದನೆ (ಸುಖದುಃಖದ ಅನುಭವ), ಸಂಜ್ಞೆ (ಗುರುತಿಸುವಿಕೆ), ಸಂಸ್ಕಾರ (ಮನಸ್ಸಿನ ಪ್ರವೃತ್ತಿಗಳು), ವಿಜ್ಞಾನ (ಅರಿವು). ಈ ದೇಹವೇ ಅದೋ? ಈ ನೋವೇ ಅದೋ? ಐದನ್ನೂ ಬಿಟ್ಟು ಬೇರೆಡೆ ಇದೆಯೋ? ಎಲ್ಲೂ ಸಿಗದಿದ್ದಾಗ ಆ ‘ಸಿಗಲಿಲ್ಲ’ದಲ್ಲಿ ಮನಸ್ಸನ್ನು ನಿಲ್ಲಿಸಿ. ಅದು ಮಸುಕಾದರೆ ಮತ್ತೆ ಹುಡುಕಿ.

ನಿಮ್ಮ ಮಂಕು ಹುಡುಕದೆಯೇ ಬಂದದ್ದು. ಯೋಚನೆ ನಿಂತ ಮಾತ್ರಕ್ಕೆ ಅದು ಶೂನ್ಯತೆಯ ಅರಿವಲ್ಲ. ಗಾಢ ನಿದ್ದೆಯಲ್ಲೂ ಯೋಚನೆ ಇರುವುದಿಲ್ಲ. ಟಿಬೆಟ್ಟಿನ ಬೌದ್ಧ ಗುರು ತ್ಸೋಂಖಾಪ (1357–1419) ಇದನ್ನು ಬಿಡದೆ ವಾದಿಸಿದ. ನಿರಾಕರಣೆ ಅತಿಯಾದರೆ ಕರ್ಮ, ಕರುಣೆ ಎಲ್ಲವೂ ಕೊಚ್ಚಿಹೋಗುತ್ತವೆ, ಕಡಿಮೆಯಾದರೆ ಹಳೆಯ ‘ನಾನು’ ಹಾಗೇ ಉಳಿಯುತ್ತದೆ ಎಂಬುದು ಅವನ ನಿಲುವು.

ಸಣ್ಣ ಅಳುಕಿಗೆ ಹೆದರಬೇಕಿಲ್ಲ, ಹಿಡಿತ ಸಡಿಲುವಾಗ ಅದು ಸಹಜ. ಆದರೆ ಭಯ ದಿನದ ಕೆಲಸಕ್ಕೂ ಅಂಟಿಕೊಂಡರೆ, ಮನೆಯವರೂ ಸುಳ್ಳು ಎನಿಸತೊಡಗಿದರೆ ಈ ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸಿ. ಕೆಲವು ವಾರ ಉಸಿರನ್ನು ಗಮನಿಸುವುದು, ಎಲ್ಲರಿಗೂ ಒಳಿತು ಬಯಸುವ ಮೈತ್ರಿ ಭಾವನೆ ಇಷ್ಟೇ ಸಾಕು. ಬಲ್ಲ ಗುರುವಿನ ಎದುರು ಕೂತು ಮತ್ತೆ ಶುರುಮಾಡಿ. ಆಗಲೂ ಭಯ ಬಿಡದಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ.