1.9 ಕೆಜಿ ಹುಟ್ಟಿದ ಮಗಳಿಗೆ ಮುಂದೆ ಕಿಡ್ನಿ ತೊಂದರೆಯಾ?

ಚಿಂತಾಮಣಿಯಿಂದ ಕೇಳಿದ್ದೀರಿ: ತಿಂಗಳು ತುಂಬಿಯೂ ಮಗಳು 1.9 ಕೆಜಿ ಇದ್ದಳು, ಈಗ ಆರು ವರ್ಷ, ಕಿಡ್ನಿಗೆ ತೊಂದರೆ ಆಗುತ್ತದಾ ಅಂತ. ಆಗೇ ಆಗುತ್ತದೆ ಅಂತೇನಿಲ್ಲ, ಗಾಬರಿ ಬೇಡ ಮೇಡಂ. ಆದರೆ ಸುಮ್ನೆ ಬಿಡುವ ವಿಷಯವೂ ಅಲ್ಲ.

ಕಿಡ್ನಿಯೊಳಗೆ ರಕ್ತ ಸೋಸುವ ಸಣ್ಣ ಘಟಕಗಳಾದ ನೆಫ್ರಾನ್‌ಗಳು ಮಗು ಹೊಟ್ಟೆಯಲ್ಲಿರುವಾಗಲೇ, ಸುಮಾರು 36 ವಾರದೊಳಗೆ ತಯಾರಾಗುತ್ತವೆ. ಅಲ್ಲಿ ಬೆಳವಣಿಗೆ ಕುಂಠಿತವಾದರೆ ಅವು ಕಡಿಮೆ ಇರಬಹುದು. ಆಮೇಲೆ ಹೊಸದು ಹುಟ್ಟುವುದಿಲ್ಲ. ನಾಲ್ಕು ಆಳಿನ ಕೆಲಸ ಇಬ್ಬರೇ ಮಾಡಿದ ಹಾಗೆ, ಇದ್ದವುಗಳ ಮೇಲೆ ಹೊರೆ ಜಾಸ್ತಿ. ವರ್ಷಗಳ ನಂತರ ಬಿಪಿ ಏರಬಹುದು, ಮೂತ್ರದಲ್ಲಿ ಪ್ರೋಟೀನ್ ಹೋಗಬಹುದು.

ವರ್ಷಕ್ಕೊಮ್ಮೆ ಬಿಪಿ ನೋಡಿಸಿ. ಮೂತ್ರ ಪರೀಕ್ಷೆ ಬೇಕಾ ಅಂತ ಮಕ್ಕಳ ಡಾಕ್ಟರನ್ನು ಕೇಳಿ, ಹುಟ್ಟಿದ ತೂಕ ಬರೆದಿರುವ ತಾಯಿ ಕಾರ್ಡ್ ತೋರಿಸಿ. ಸಣ್ಣಗಿದ್ದಾಳೆ ಅಂತ ಬಲವಂತವಾಗಿ ತಿನ್ನಿಸಬೇಡಿ, ಬೊಜ್ಜು ಬಂದರೆ ಕಿಡ್ನಿಗೆ ಇನ್ನೂ ಕಷ್ಟ. ಡಾಕ್ಟರ್ ಹೇಳದೆ ಜ್ವರ, ನೋವಿನ ಔಷಧಿ ಐಬುಪ್ರೊಫೇನ್ ಕೊಡಲೇಬೇಡಿ.