ನ್ಯೂಜಿಲೆಂಡ್ ಶಾಲೆಯಲ್ಲಿ ಮಾವೊರಿ ಪದ್ಧತಿ ಅಂತ ಹುಡುಗಿಯರನ್ನು ಹಿಂದೆ ಕೂರಿಸುತ್ತಾರೆ. ದೂರು ಕೊಡಲೇ?

ಆ ಇಮೇಲ್ ಇನ್ನೂ ಡ್ರಾಫ್ಟಿನಲ್ಲೇ ಇದ್ದರೆ ಅಲ್ಲೇ ಇರಲಿ. ನಿಮ್ಮ ಮಗಳಿಗೆ ಹದಿಮೂರು, ರೋಟೊರುವಾದ ಶಾಲೆ, ಇಲ್ಲಿನ ಮೂಲನಿವಾಸಿ ಮಾವೊರಿಗಳ ಪದ್ಧತಿಯ ಸ್ವಾಗತದ ದಿನ ಗಂಡುಹುಡುಗರಿಗೆ ಮುಂದಿನ ಬೆಂಚು, ಹುಡುಗಿಯರಿಗೆ ಹಿಂದಿನದು, ಮುಟ್ಟಾದವಳು ನಾರಿನ ಗಿಡ ಕೊಯ್ಯಬಾರದು ಅಂದರು. "ಇದನ್ನೆಲ್ಲ ಊರಲ್ಲೇ ಬಿಟ್ಟು ಬಂದೆವು ಅಂದುಕೊಂಡರೆ ಇಲ್ಲೂ ಅದೇ ಗೋಳಾ" ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ಇದನ್ನೇ ನಾನು ಬರೆದೆ, ಕಳಿಸಿಯೂ ಬಿಟ್ಟೆ.

ನಮ್ಮ ಶಾಲೆಗೆ ಪ್ರತಿ ಗುರುವಾರ ಒಬ್ಬ ಕುಯಿಯಾ ಬರುತ್ತಿದ್ದರು. ಕುಯಿಯಾ ಅಂದರೆ ಹಿರಿಯ ಹೆಂಗಸು. ಮಕ್ಕಳ ಬಾಯಲ್ಲಿ ಅವರು ನ್ಯಾನಿ. ಹನ್ನೊಂದು ಹುಡುಗಿಯರಿಗೆ ಹರಕೆಕೆ ಹೆಣೆಯುವುದನ್ನು ಕಲಿಸುತ್ತಿದ್ದರು. ಹರಕೆಕೆ ಇಲ್ಲಿನ ನಾರಿನ ಗಿಡ. ನಮ್ಮ ಕತ್ತಾಳೆಯಂತೆ ಉದ್ದ ಎಲೆ, ಆದರೆ ಮುಳ್ಳಿಲ್ಲ. ಒಂದು ಗುರುವಾರ ಮಗಳು ಬಂದು, "ಪೀರಿಯಡ್ಸ್ ಆದವರು ಕೊಯ್ಯೋ ಹಾಗಿಲ್ಲ ಅಂದ್ರು, ನಾನು ಕೂತಿದ್ದೆ" ಅಂದಳು. ನನ್ನ ಕಣ್ಣಿಗೆ ಬಂದದ್ದು ಹಾಸನದ ನಮ್ಮಜ್ಜಿ ಮನೆಯ ಹಿತ್ತಿಲ ಕೋಣೆ, ಅಲ್ಲಿನ ಚಾಪೆ, ಕೋಲಿನಿಂದ ಮುಂದಕ್ಕೆ ತಳ್ಳುತ್ತಿದ್ದ ತಟ್ಟೆ. ಆ ರಾತ್ರಿಯೇ ಮುಖ್ಯೋಪಾಧ್ಯಾಯರಿಗೆ ನಾಲ್ಕು ಸಾಲು ಬರೆದೆ. ಸಾಲದು ಅಂತ ಪೋಷಕರ ಮಂಡಳಿಗೂ ಒಂದು ಪ್ರತಿ ಹಾಕಿದೆ.

ಎಡವಿದ್ದು ಮೂರನೆಯ ಸಾಲಿನಲ್ಲಿ. "ಮುಟ್ಟಾದ ಹುಡುಗಿಯರನ್ನು ಮೈಲಿಗೆಯವರಂತೆ ನಡೆಸಿಕೊಳ್ಳಲಾಗುತ್ತಿದೆ" ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬರೆದಿದ್ದೆ. ನ್ಯಾನಿ ಮೈಲಿಗೆ ಅಂದಿರಲೇ ಇಲ್ಲ. ಅವರು ಅಂದದ್ದು "ಟಪು". ಟಪುವನ್ನು ನಾನು ಹಾಸನದ ನಿಘಂಟಿನಲ್ಲಿ ಹುಡುಕಿದೆ. ಇಡೀ ಅನಾಹುತಕ್ಕೆ ಅದೊಂದೇ ಕಾರಣವಾದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳಿಕೊಳ್ಳಿ.

ನಮ್ಮಲ್ಲಿ ಮಡಿ ಮೇಲೆ, ಮೈಲಿಗೆ ಕೆಳಗೆ. ಮುಟ್ಟಾದವಳು ಕೆಳಗಿನ ತುದಿಗೆ ಹೋಗುತ್ತಾಳೆ. ಮಾವೊರಿಗಳ ಜೋಡಿಪದ ಟಪು ಮತ್ತು ನೋವಾ. ಟಪು ಅಂದರೆ ದೈವಕ್ಕೆ ಸೇರಿದ್ದು, ಕಟ್ಟುಪಾಡಿನೊಳಗೆ ಇರುವಂಥದ್ದು. ನೋವಾ ಅಂದರೆ ಬಿಡುವಾದದ್ದು, ದಿನಬಳಕೆಯದು. ಮನುಷ್ಯನ ತಲೆ ಟಪು, ಶವ ಟಪು, ಕೆತ್ತನೆಯ ಸಭಾಗೃಹ ಟಪು. ಬೇಯಿಸಿದ ಅನ್ನ ನೋವಾ. ಮುಟ್ಟಾದ ಹೆಣ್ಣು ಬೀಳುವುದು ಟಪುವಿನ ಕಡೆಗೆ, ಅಂದರೆ ಕುಲದ ಮುಖಂಡನ ತಲೆ ಇರುವ ಕಡೆಗೆ. ಮುಟ್ಟಿನ ರಕ್ತಕ್ಕೆ ಇರುವ ಒಂದು ಹೆಸರು ತೆ ಅವಾ ಅತುವಾ, ದೈವದ ಹೊಳೆ. ಅದು ವಂಶದ ಹರಿವು ಅನ್ನುವ ಭಾವ. ಪದಗಳನ್ನೇ ನೋಡಿ: ಫೆನುವಾ ಅಂದರೆ ನೆಲ, ಹೆರಿಗೆಯ ಕಸವೂ ಫೆನುವಾನೇ. ಹಪೂ ಅಂದರೆ ಉಪಕುಲ, ಬಸುರಿ ಅಂತಲೂ ಅರ್ಥ. ಫಾನೌ ಅಂದರೆ ಕುಟುಂಬ, ಹೆರುವುದೂ ಫಾನೌ. ಗರ್ಭಕೋಶಕ್ಕೆ ತೆ ಫರೆ ತಂಗಾತ ಅನ್ನುತ್ತಾರೆ, ಮನುಷ್ಯರ ಮನೆ. ಅವನು, ಅವಳು ಅಂತ ಬೇರೆ ಪದಗಳೇ ಇಲ್ಲ, ಇಬ್ಬರಿಗೂ "ಇಯಾ".

ಹಾಗಂತ ಎಲ್ಲ ಮನೆಯಲ್ಲೂ ಹೀಗೇ ಅನ್ನಲಾರೆ. ಮಿಷನರಿಗಳ ಶಾಲೆ, ಬೈಬಲ್ ತರಗತಿ ದಾಟಿ ಬಂದ ಎಷ್ಟೋ ಮನೆಗಳಲ್ಲಿ ಅದು ನಮ್ಮಲ್ಲಿನಂತೆ "ಕೊಳಕು" ಆಗಿಯೇ ಉಳಿದಿದೆ. ಆದರೆ ನ್ಯಾನಿಯದು ಆ ಮನೆಯಲ್ಲ. ಅದನ್ನು ತಿಳಿಯಲು ನಾನು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಮಗಳು ಹೇಳದೆ ಬಿಟ್ಟ ಅರ್ಧ ಕಥೆ ಆಮೇಲೆ ಗೊತ್ತಾಯಿತು. ಹರಕೆಕೆಯ ಪೊದೆಯಲ್ಲಿ ಎಲೆಗಳು ಬೀಸಣಿಗೆಯಂತೆ ಎದ್ದಿರುತ್ತವೆ. ನಟ್ಟನಡುವಿನ ಎಳೆ ಸುಳಿ ರಿತೊ, ಅದು ಮಗು. ಅದರ ಎರಡೂ ಬದಿಗೆ ಅಪ್ಪುವಂತೆ ನಿಂತ ಎಲೆಗಳು ತಂದೆತಾಯಿ. ಈ ಮೂರನ್ನೂ ಮುಟ್ಟುವಂತಿಲ್ಲ. ಕೊಯ್ಯುವುದು ಹೊರಗಿನ ಎಲೆಗಳನ್ನು ಮಾತ್ರ, ಅವು ಅಜ್ಜ ಅಜ್ಜಿಯರು. ಬುಡದ ಹತ್ತಿರ, ಸುಳಿಯಿಂದ ಹೊರಮುಖವಾಗಿ ಕೆಳಕ್ಕೆ ಓರೆಯಾಗಿ ಕತ್ತರಿಸಬೇಕು. ನೇರ ಕತ್ತರಿಸಿದರೆ ಮಳೆನೀರು ಬುಡದಲ್ಲಿ ನಿಂತು ಕೊಳೆಯುತ್ತದೆ. ಮಳೆಯಲ್ಲಿ, ಕತ್ತಲಲ್ಲಿ ಕೊಯ್ಯುವುದಿಲ್ಲ. ಮುಂದಿನ ಕೆಲಸ ಕೊಯ್ಲಿಗಿಂತ ಕಷ್ಟದ್ದು. ಎಲೆಯ ಗಟ್ಟಿ ಬೆನ್ನುಮೂಳೆ, ಅಂಚು ತೆಗೆದು, ಉಗುರಿನಿಂದ ಒಂದೇ ಅಗಲದ ಪಟ್ಟಿಗಳಾಗಿ ಸೀಳಬೇಕು. ಆಮೇಲೆ ಪ್ರತಿ ಪಟ್ಟಿಯನ್ನೂ ಚಾಕುವಿನ ಮೊಂಡು ಬೆನ್ನಿನ ಮೇಲೆ ಒತ್ತಿ ಎಳೆದು ನೀರಿನಂಶ ಹೊರಡಿಸಬೇಕು. ಇದನ್ನು ಬಿಟ್ಟರೆ ಬುಟ್ಟಿ ಒಣಗಿದಂತೆ ಪಟ್ಟಿಗಳು ಸೊರಗಿ, ನಡುವೆ ಬೆರಳು ತೂರುವಷ್ಟು ಕಂಡಿ ಬೀಳುತ್ತದೆ. ಅಂದು ಕೊಯ್ಯದೆ ಕೂತಿದ್ದ ಮಗಳಿಗೆ ನ್ಯಾನಿ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದು ಈ ಸೀಳುವ ಕೆಲಸವನ್ನೇ. ಉಳಿದ ಹತ್ತು ಮಂದಿಗೆ ಅದು ಮುಂದಿನ ವಾರದ ಪಾಠ.

ಮುಂದಿನ ವಾರ ಬರಲೇ ಇಲ್ಲ. ಮಂಡಳಿಯವರು ಆ ಇಮೇಲನ್ನು ನ್ಯಾನಿಗೆ ಓದಿ ಹೇಳಿದ್ದರು. ಅವರು ಜಗಳವಾಡಲಿಲ್ಲ, ಬರುವುದನ್ನು ನಿಲ್ಲಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮಗಳಿಗೆ ತಪ್ಪಿದ್ದು ಒಂದು ಹವ್ಯಾಸ, ಅಷ್ಟೇ. ಆ ತರಗತಿಯಲ್ಲಿ ಇಬ್ಬರು ಮಾವೊರಿ ಹುಡುಗಿಯರ ಮನೆಗಳಲ್ಲಿ ಹೆಣೆಯುವವರು ಯಾರೂ ಉಳಿದಿರಲಿಲ್ಲ. ಅವರಿಗೆ ತಪ್ಪಿದ್ದು ಅಜ್ಜಿಯರ ವಿದ್ಯೆ. ಹೆಣ್ಣುಮಕ್ಕಳ ಪರ ವಾದಿಸಲು ಹೋಗಿ ನಾನು ಕಿತ್ತದ್ದು ಹೆಣ್ಣಿನಿಂದ ಹೆಣ್ಣಿಗೆ ದಾಟುತ್ತಿದ್ದ ಒಂದು ವಿದ್ಯೆಯನ್ನು.

ಈಗ ನಿಮ್ಮ ಬೆಂಚಿನ ವಿಷಯ. ಮುಂದಿನ ಬೆಂಚೇ ಮೇಲು ಅಂತ ನಿಮಗೆ ಹೇಳಿದವರು ಯಾರು? ಪೋಫಿರಿ ಅನ್ನುವ ಆ ಸ್ವಾಗತ ಹೇಗೆ ನಡೆಯುತ್ತದೆ ಅಂತ ಮೊದಲಿಂದ ನೋಡಿ. ಅತಿಥಿಗಳು ಬಾಗಿಲಲ್ಲಿ ನಿಂತಿರುತ್ತಾರೆ. ಒಬ್ಬ ಹೆಂಗಸು ಕರಂಗಾ ಅನ್ನುವ ಸ್ವಾಗತದ ಕರೆ ಕೂಗುವವರೆಗೆ ಗಂಡಸು, ಮಂತ್ರಿ, ಯಾರೇ ಆಗಲಿ ಒಂದು ಹೆಜ್ಜೆ ಇಡುವಂತಿಲ್ಲ. ಅತಿಥಿಗಳ ಕಡೆಯಿಂದಲೂ ಹೆಂಗಸೇ ಮರುಕೂಗು ಕೊಡಬೇಕು. ತೀರಿಕೊಂಡವರನ್ನು ನೆನೆಯುವುದು, ಬಂದವರು ಯಾರು, ಯಾಕೆ ಬಂದರು ಅನ್ನುವುದು, ಎಲ್ಲ ಆ ಎರಡು ಕೂಗಿನಲ್ಲೇ ಆಗಿಹೋಗುತ್ತದೆ. ಗಂಡಸರ ಭಾಷಣ ಬರುವುದು ಆಮೇಲೆ. ಪ್ರತಿ ಭಾಷಣದ ಕೊನೆಗೆ ಒಂದು ಹಾಡು ಬೇಕು, ಅದನ್ನು ಎತ್ತುವವರು ಸಾಮಾನ್ಯವಾಗಿ ಹಿಂದೆ ಕೂತ ಹೆಂಗಸರು. ಭಾಷಣಕಾರ ಹಳಿ ತಪ್ಪಿದರೆ, ಉದ್ದ ಎಳೆದರೆ, ನಡುವೆಯೇ ಹಾಡು ಎತ್ತಿ ಕೂರಿಸುತ್ತಾರೆ. ನಮ್ಮ ಸಭೆಗಳಿಗೆ ಈ ಸೌಲಭ್ಯ ಇದ್ದಿದ್ದರೆ!

ಗಂಡಸರು ಮುಂದೆ ಕೂರುವುದು ಬಂದವರಿಂದ ಬರಬಹುದಾದ ಕೇಡಿಗೆ ಎದೆಯೊಡ್ಡಲು, ಹಿಂದೆ ಇರುವುದು ಮನುಷ್ಯರ ಮನೆ, ಅದನ್ನು ಕಾಯಬೇಕು ಅನ್ನುತ್ತಾರೆ. ಈ ವಿವರಣೆ ನನಗೆ ಅರ್ಧ ಮಾತ್ರ ಒಪ್ಪಿಗೆ. ಕೇಡು ಬರುವ ಕಾಲ ಹೋಗಿ ನೂರು ವರ್ಷಕ್ಕೂ ಮೇಲಾಯಿತು, ಬೆಂಚು ಮಾತ್ರ ಅಲ್ಲೇ ಇದೆ. ಮಾವೊರಿ ಹೆಂಗಸರೇ ಇದನ್ನು ಎತ್ತಿ ಆಡಿದ್ದಾರೆ. ಮಾವೊರಿ ಮಹಿಳಾ ಕಲ್ಯಾಣ ಸಂಘದ ಅಧ್ಯಕ್ಷೆಯಾಗಿದ್ದ ಡೇಮ್ ಮೀರಾ ಸಾಸಿ ಮರಾಯೆಯ, ಅಂದರೆ ಕುಲದವರು ಸೇರುವ ಸಭಾಸ್ಥಳದ, ಅಂಗಳದಲ್ಲಿ ಹೆಂಗಸರಿಗೂ ಮಾತಿನ ಹಕ್ಕು ಬೇಕು ಅಂತ ವಾದಿಸಿದವರು. 1998ರಲ್ಲಿ ವೈತಂಗಿಯ ಮರಾಯೆಯಲ್ಲಿ ಆಗಿನ ವಿರೋಧಪಕ್ಷದ ನಾಯಕಿ ಹೆಲೆನ್ ಕ್ಲಾರ್ಕ್ ಮಾತಾಡಲು ಎದ್ದಾಗ ಮಾವೊರಿ ಹೋರಾಟಗಾರ್ತಿ ಟಿಟೆಫಾಯ್ ಹರಾವಿರಾ ತಡೆದರು. ನಮ್ಮ ಹೆಂಗಸರಿಗೇ ಇಲ್ಲಿ ಇಲ್ಲದ ಹಕ್ಕು ಬಿಳಿಯ ಹೆಂಗಸಿಗೆ ಯಾಕೆ ಅನ್ನುವುದು ಅವರ ತಕರಾರು. ನಿಮ್ಮ ಇಮೇಲ್ ಬೀಳುವುದು ಇದೇ ಜಗಳದ ನಡುವೆ. ಆ ಜಗಳಕ್ಕೆ ವಾರಸುದಾರರಿದ್ದಾರೆ.

ಊರಿಂದೂರಿಗೆ ಪದ್ಧತಿ ಬೇರೆ. ರೋಟೊರುವಾ ತೆ ಅರಾವಾ ಕುಲದವರ ಸೀಮೆ, ಅಲ್ಲಿ ಭಾಷಣ ಗಂಡಸರದ್ದೇ, ಬಿಗಿ ಜಾಸ್ತಿ. ಪೂರ್ವ ಕರಾವಳಿಯ ಙಾತಿ ಪೊರೊವು ಕುಲದಲ್ಲಿ ಹೆಂಗಸರು ಎದ್ದು ಭಾಷಣ ಮಾಡಿದ್ದಾರೆ. (ಕ ಖ ಗ ಘ ಆದ ಮೇಲೆ ಸುಮ್ಮನೆ ಕೂತಿರುವ ನಮ್ಮ ಙ ಈ ಹೆಸರು ಬರೆಯಲಿಕ್ಕೇ ಕಾದಿತ್ತೇನೋ.) ಹಾಗಾಗಿ "ಮಾವೊರಿ ಪದ್ಧತಿ" ಅಂತ ಒಂದೇ ಚೀಲದಲ್ಲಿ ಕಟ್ಟಿದರೆ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ನಿಮ್ಮ ಮಗಳ ಮಾವೊರಿ ಗೆಳತಿಗೆ ನಿಜವಾದ ಭಾರ ಇರುವುದು ಬೆಂಚಿನಲ್ಲಲ್ಲ, ಅಡಿಗೆಮನೆಯಲ್ಲಿ. "ಕಾ ತಿಕಾ ಅ ಮುರಿ, ಕಾ ತಿಕಾ ಅ ಮುಆ" ಅನ್ನುವ ಗಾದೆಯಿದೆ: ಹಿಂದೆ ನೆಟ್ಟಗಿದ್ದರೆ ಮುಂದೆಯೂ ನೆಟ್ಟಗೆ. ಗಾದೆ ಚೆನ್ನ, ಆ ಹಿಂದೆ ಎಷ್ಟು ಹೊತ್ತು ನಿಲ್ಲುವವರು ಯಾರು ಅಂತ ಲೆಕ್ಕ ಹಾಕಿ. ಸಾವಾದರೆ ತಂಗಿಹಂಗಾ ಅನ್ನುವ ಅಂತ್ಯಕ್ರಿಯೆ ಸಾಮಾನ್ಯವಾಗಿ ಮೂರು ದಿನ, ಬಂದುಹೋಗುವವರು ನೂರಾರು. ಹುಡುಗರು ಹಾಂಗಿಯ, ಅಂದರೆ ನೆಲದೊಳಗಿನ ಒಲೆಯ, ಗುಂಡಿ ತೋಡುತ್ತಾರೆ, ಸೌದೆ ಒಟ್ಟಿ ಎರಡು ಮೂರು ಗಂಟೆ ಕಲ್ಲು ಕಾಯಿಸುತ್ತಾರೆ. ಹೊಳೆಯ ಕಲ್ಲು ಕಾದಾಗ ಸಿಡಿಯುತ್ತದೆ, ಅದಕ್ಕೆ ಜ್ವಾಲಾಮುಖಿಯ ಕಲ್ಲೇ ಬೇಕು. ಮಾಂಸದ ಬುಟ್ಟಿ ಕೆಳಗೆ, ಗೆಡ್ಡೆಯದು ಮೇಲೆ, ಒದ್ದೆ ಬಟ್ಟೆ, ಗೋಣಿ, ಮಣ್ಣು. ಆವಿ ಸೋರಿದ ಕಡೆ ಮತ್ತೆ ಮಣ್ಣು. ಮೂರು ನಾಲ್ಕು ಗಂಟೆ ಕಾಯಬೇಕು, ಎತ್ತಿದರೆ ಅವರ ಕೆಲಸ ಮುಗಿಯಿತು, ಚಪ್ಪಾಳೆಯೂ ಸಿಕ್ಕಿತು. ಹುಡುಗಿಯರ ಆಲೂಗೆಡ್ಡೆ, ಕುಮರಾ (ಸಿಹಿಗೆಣಸು) ಸಿಪ್ಪೆ ಸುಲಿಯುವ ಕೆಲಸ ಬೆಳಗಿಗೇ ಶುರುವಾಗಿರುತ್ತದೆ, ಪಾತ್ರೆ ಒರೆಸುವುದು ಮಧ್ಯರಾತ್ರಿ ದಾಟುತ್ತದೆ. ಅವಳು ಮಾತಾಮುವಾ, ಅಂದರೆ ಚೊಚ್ಚಲ ಮಗಳಾಗಿದ್ದರಂತೂ ತಮ್ಮ ತಂಗಿಯರ ಸ್ನಾನ, ಅಜ್ಜಿಯ ಮಾತ್ರೆ ಅವಳ ಪಾಲಿಗೇ. "ಮಾವೊರಿ ಹುಡುಗಿಯರು ಎಷ್ಟು ಗಟ್ಟಿ ನೋಡಿ" ಅಂತ ಹೊಗಳುವವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿಯೇ. ಗಟ್ಟಿ ಅನ್ನುವ ಹೊಗಳಿಕೆಯಲ್ಲಿ ಇನ್ನೊಂದು ರಾಶಿ ತಟ್ಟೆ ಅವಳ ಮುಂದೆ ಬಂದು ಕೂರುತ್ತದೆ. ನಾನು ಹೋಗುವ ಮರಾಯೆಯಲ್ಲಿ ಈಗ ತೊಳೆಯುವ ಸರದಿಯ ಪಟ್ಟಿಯಲ್ಲಿ ಹುಡುಗರ ಹೆಸರೂ ಇದೆ. ಬರೆಸಿದ್ದು ಕುಯಿಯಾಗಳೇ.

ಅದೇ ಹಿಂದಿನ ಸಾಲಿನಿಂದ ಬಂದವರು ಯಾರು ಅಂತಲೂ ನೋಡಿ. ಮೇರಿ ತೆ ತಾಯ್ ಮಂಗಾಕಾಹಿಯಾ 1893ರ ಮೇ ತಿಂಗಳಲ್ಲಿ ಮಾವೊರಿ ಸಂಸತ್ತಿನೆದುರು ನಿಂತು, ಹೆಂಗಸರಿಗೆ ಅಲ್ಲಿ ಮತ ಹಾಕುವ ಹಕ್ಕಷ್ಟೇ ಅಲ್ಲ, ಸದಸ್ಯರಾಗಿ ಕೂರುವ ಹಕ್ಕೂ ಬೇಕು ಅಂದರು. ತೆ ಪುಎಯಾ 1918ರ ಇನ್‌ಫ್ಲುಯೆಂಜಾದಲ್ಲಿ ಅನಾಥರಾದ ಮಕ್ಕಳನ್ನು ಸಾಕಿದರು, ಹಾಡು ಕುಣಿತದ ತಂಡ ಕಟ್ಟಿ ಊರೂರು ತಿರುಗಿ ಹಣ ಕೂಡಿಸಿ ಙಾರುವಾಹಿಯಾದಲ್ಲಿ ತೂರಂಗವಾಯ್‌ವಾಯ್ ಮರಾಯೆ ಎಬ್ಬಿಸಿದರು. ಫಿನಾ ಕೂಪರ್ 1975ರಲ್ಲಿ, 79ರ ವಯಸ್ಸಿನಲ್ಲಿ, ಕಳಕೊಂಡ ನೆಲಕ್ಕಾಗಿ ಉತ್ತರದ ತುದಿಯಿಂದ ವೆಲಿಂಗ್ಟನ್‌ವರೆಗಿನ ಸುಮಾರು 1000 ಕಿಲೋಮೀಟರಿನ ಕಾಲ್ನಡಿಗೆ ಜಾಥಾ ಮುನ್ನಡೆಸಿದರು. 2024ರ ಸೆಪ್ಟೆಂಬರ್ 5ರಂದು ಕಿಂಗಿತಂಗದ, ಅಂದರೆ ಮಾವೊರಿ ರಾಜಪರಂಪರೆಯ, ಗದ್ದುಗೆ ಏರಿದ ಙಾ ವಾಯ್ ಹೊನೊ ಇ ತೆ ಪೊಗೆ ಆಗ 27. ಇಬ್ಬರು ಅಣ್ಣಂದಿರಿದ್ದರು. ಗದ್ದುಗೆ ಸಿಕ್ಕಿದ್ದು ಕಿರಿಯ ಮಗಳಿಗೆ.

ನೀವು ಮಾಡಬೇಕಾದ್ದು: ಬರೆಯಬೇಡಿ, ಹೋಗಿ. ಶಾಲೆಯ ಮಾವೊರಿ ಶಿಕ್ಷಕಿಯನ್ನು "ಫಾಯಾ" ಅಂತ ಕರೆಯಿರಿ, ನಾವು ಅಮ್ಮ, ಚಿಕ್ಕಮ್ಮ ಅನ್ನುವ ಹಾಗೆ, ಹೆಸರು ಹಿಡಿದು ಬೇಡ. ಬರಿಗೈಲಿ ಹೋಗಬೇಡಿ, ಒಂದು ಡಬ್ಬಿ ಚಕ್ಕುಲಿಯೂ ನಡೆಯುತ್ತದೆ. "ಯಾಕೆ ಹೀಗೆ" ಅನ್ನಬೇಡಿ, "ನಿಮ್ಮ ಮನೆತನದಲ್ಲಿ ಇದನ್ನು ಹೇಗೆ ಮಾಡ್ತೀರಿ" ಅನ್ನಿ. ಮಗಳಿಗೆ ಮುಟ್ಟಿನ ದಿನ ಏನು ಮಾಡಬಾರದು ಅನ್ನುವುದಕ್ಕಿಂತ ಏನು ಮಾಡಬಹುದು ಅಂತ ಕೇಳಿ. ಉತ್ತರದಲ್ಲಿ "ಕೊಳಕು" ಅನ್ನುವ ಅರ್ಥದ ಪದ ನಿಜವಾಗಿಯೂ ಬಂದರೆ ಆಗ ಬೇಕಾದರೆ ಜಗಳಕ್ಕಿಳಿಯಿರಿ, ನಾನೂ ಬರುತ್ತೇನೆ. ಗೆಳತಿ ತಂಗಿಹಂಗಾಕ್ಕೆ ಹೋಗಿ ಮೂರು ದಿನ ಶಾಲೆ ತಪ್ಪಿಸಿಕೊಂಡರೆ ನಿಮ್ಮ ಮಗಳಿಂದ ನೋಟ್ಸ್ ಕಳಿಸಿಕೊಡಿ. ಬೆಂಚಿನ ಮೇಲಿನ ನಿಮ್ಮ ವಾದಕ್ಕಿಂತ ಅವಳಿಗೆ ಬೇಕಿರುವುದು ಅದು.

ಪೋಫಿರಿಗೆ ಮಗಳಿಗೆ ಉದ್ದನೆಯ ಕಪ್ಪು ಲಂಗ ಹಾಕಿಸಿ. ಊಟದ ಮೇಜಿನ ಮೇಲೆ ಕೂರಬಾರದು, ಬಾಚಣಿಗೆ, ಟೋಪಿ ಇಡಬಾರದು. ದಿಂಬಿನ ಮೇಲೆ ಕೂರಬಾರದು, ಮಲಗಿದವರನ್ನು ದಾಟಬಾರದು. ಪಾತ್ರೆ ಒರೆಸುವ ಟವೆಲನ್ನು ಮೈಬಟ್ಟೆಯ ಜೊತೆ ಒಗೆಯಬಾರದು. ಇಷ್ಟಕ್ಕೆ ನಮ್ಮ ಮನೆಯ ಮಕ್ಕಳಿಗೆ ಹೊಸ ಪಾಠ ಬೇಕಾಗುವುದಿಲ್ಲ. ಸಸ್ಯಾಹಾರಿಗಳಾದರೆ ಹಿಂದಿನ ದಿನವೇ ಹೇಳಿ ಬೇರೆ ಬುಟ್ಟಿ ಇಡಿಸಿ, ಗುಂಡಿ ಮುಚ್ಚಿದ ಮೇಲೆ ಹೇಳಿದರೆ ಬ್ರೆಡ್ಡೇ ಗತಿ.

ನ್ಯಾನಿ ಎರಡು ವರ್ಷದ ಮೇಲೆ ಒಂದು ಮದುವೆಯಲ್ಲಿ ಸಿಕ್ಕರು. ಕ್ಷಮೆ ಕೇಳಲು ನಾನು ಇಡೀ ವಾಕ್ಯ ಕಟ್ಟಿಕೊಂಡು ಹೋಗಿದ್ದೆ. ಅವರು ಪೂರ್ತಿ ಕೇಳದೆ, ಕೈಗೆ ಒಂದು ಟವೆಲ್ ಕೊಟ್ಟು ಸಿಂಕಿನ ಕಡೆ ತೋರಿಸಿದರು. ಮಗಳ ಅರ್ಧ ಹೆಣೆದ ಬುಟ್ಟಿ ಇನ್ನೂ ಬೀರುವಿನಲ್ಲಿದೆ. ಒಣಗಿ ಗರಿಗರಿಯಾದ ಪಟ್ಟಿ ಇನ್ನು ಬಾಗುವುದಿಲ್ಲವಂತೆ, ಹೊಸದಾಗಿಯೇ ಕೊಯ್ಯಬೇಕಂತೆ.